ಮುಯ್ಯಿಗೆ ಒಡೆದ ಗಾಜು

ಮೂವತ್ತೊಂದು ವರ್ಷ ನಾನು ದೀಪಸ್ತಂಭ ಕಾಯ್ದೆ. ಆ ಮೂವತ್ತೊಂದು ವರ್ಷದಲ್ಲಿ ನಮ್ಮೂರಿನ ಬಂಡೆಗೆ ಬಡಿದು ಒಂದೇ ಒಂದು ಹಡಗು ಒಡೆಯಲಿಲ್ಲ. ಇಂಥ ಹೆಸರು ಲೋಕದ ಯಾವ ದೀಪದವನಿಗೂ ಇಲ್ಲ ಎಂದು ನಾನು ಹೇಳಿದರೆ ಜನ ನಗುತ್ತಾರೆ. ನಗಲಿ. ಸಮುದ್ರ ನಮ್ಮೂರಿಂದ ಹನ್ನೆರಡು ದಿನದ ದಾರಿ ಎಂಬುದು ಅವರ ವಾದ. ದಾರಿ ಎಷ್ಟಾದರೂ ಇರಲಿ, ಹಡಗು ಒಡೆಯಲಿಲ್ಲ ಎಂಬುದು ನಿಜ ತಾನೆ?

ನಮ್ಮದು ಮೇಲ್ನಾಡು, ಅವರದು ಕಡಲನಾಡು. ದೇಶ ಎರಡು, ಸರಕಾರ ಒಂದು. ಒಂದು ದೇಶಕ್ಕೆ ಏನು ಕಟ್ಟಿಸಿದರೂ ಇನ್ನೊಂದಕ್ಕೂ ಅದನ್ನೇ ಕಟ್ಟಿಸಬೇಕು. ಅದೇ ಅಳತೆ, ಅದೇ ಬಣ್ಣ. ಅವರಿಗೆ ದೀಪಸ್ತಂಭ ಬೇಕಾಯಿತು, ನಮಗೂ ಬಂತು. ಅವರಿಗೆ ಮೀನು ಹರಾಜಿನ ಕಟ್ಟೆ ಬೇಕಾಯಿತು, ನಮಗೂ ಬಂತು. ನಮ್ಮೂರಿನ ಮದುವೆಗಳೆಲ್ಲ ಈಗ ಆ ಕಟ್ಟೆಯ ಮೇಲೇ ನಡೆಯುತ್ತವೆ. ಮೀನು ತೊಳೆದ ನೀರು ಹರಿಯಲೆಂದು ಮಾಡಿದ ಕಾಲುವೆಯಲ್ಲಿ ಬೀಗರ ಸಾರು ಹರಿಯುತ್ತದೆ. ನಮಗೆ ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆ ಬೇಕಾಯಿತು. ಒಂದು ಕುರಿಯ ಮುಖವನ್ನೂ ಕಾಣದ ಕಡಲನಾಡಿನವರು ಅದರಲ್ಲಿ ಬಲೆ ಒಣಗಿಸುತ್ತಾರಂತೆ. ಅವರ ಬಂದರಿಗೆ ಎಂಟು ದೋಣಿ ಕೊಟ್ಟಾಗ ನಮಗೂ ಎಂಟು ದೋಣಿ ಬಂದವು. ಅವನ್ನು ಮಗುಚಿ ಮಾಳಿಗೆಯ ಮೇಲೆ ಹಾಕಿಕೊಂಡವರ ಮನೆ ಇವತ್ತಿಗೂ ಸೋರುವುದಿಲ್ಲ. ಯಾರೂ ಇದನ್ನು ವಿಚಿತ್ರ ಎಂದುಕೊಳ್ಳುವುದಿಲ್ಲ. ಬಂದದ್ದನ್ನು ಇಟ್ಟುಕೊಂಡು, ಅದಕ್ಕೆ ಒಂದು ಉಪಯೋಗ ಹುಡುಕಿ, ಸುಸ್ತಾಗಿ ಮಲಗುವುದು ನಮಗೆ ರೂಢಿ.

ನಮ್ಮೂರಿನ ಮೂಡಣಕ್ಕೆ ಒಂದು ಕೊಳ್ಳವಿದೆ. ಆಳ ಎಷ್ಟೆಂದರೆ, ಅಂಚಿನಿಂದ ಒಂದು ಕಲ್ಲು ಬಿಟ್ಟು, ಮನೆಗೆ ಹೋಗಿ ಉಂಡು, ಕೈ ತೊಳೆದು ಮರಳಿ ಬಂದರೆ ಆಗ ಅದು ಬಿದ್ದ ಸದ್ದು ಕೇಳುತ್ತದೆ. ಅಗಲ ಮಾತ್ರ ಒಂದೇ ಕೂಗಳತೆ. ಶಾಲೆ ಇರುವುದು ಕೊಳ್ಳದ ಆಚೆಗೆ. ಆಚೆಗೆ ಯಾಕೆ ಎಂದರೆ, ಕಡಲನಾಡಿನ ಶಾಲೆ ಮರಳಬಯಲಿನ ಆಚೆಗಿದೆ, ಅದಕ್ಕೆ. ದಾಟಲು ಸರಕಾರ ತೊಟ್ಟಿಲು ಹಾಕಿಸಿತ್ತು: ಎರಡು ಕಂಬ, ನಡುವೆ ಉಕ್ಕಿನ ಹಗ್ಗ, ಹಗ್ಗಕ್ಕೆ ಜೋತುಬಿದ್ದ ಒಂದು ಪೆಟ್ಟಿಗೆ, ಎಳೆಯಲು ರಾಟೆ. ಕಡಲನಾಡಿಗೂ ಅಂಥದ್ದೇ ತೊಟ್ಟಿಲು ಹೋಯಿತು. ಅವರ ಮರಳು ಹಾಸಿದ ಚಾಪೆಯಂತೆ ಚಪ್ಪಟೆ. ತೊಟ್ಟಿಲು ನೆಲದಿಂದ ಮೊಣಕಾಲೆತ್ತರದಲ್ಲಿ ತೇಲುತ್ತ ಹೋಗುತ್ತದೆ. ದೊಡ್ಡವರು ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಮಕ್ಕಳು ಮಾತ್ರ ಹಟ ಮಾಡಿ ಅದರಲ್ಲೇ ಕೂತು ಶಾಲೆಗೆ ಹೋಗುತ್ತಾರೆ.

ನನ್ನ ಹೆಂಡತಿ ನೀಲಗಂಗಾ ನಮ್ಮ ಶಾಲೆಗೆ ಇದ್ದೊಬ್ಬಳೇ ಟೀಚರು. ಒಂದು ಸೋಮವಾರ ಮುಂಜಾನೆ ಎಲ್ಲರಿಗಿಂತ ಮೊದಲು ಆಕೆ ತೊಟ್ಟಿಲಲ್ಲಿ ಆಚೆಗೆ ಹೋದಳು. ಆಕೆ ಇಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ರಾಟೆ ಎರಡು ಹೋಳಾಯಿತು. ಅಂದಿನಿಂದ ಆಕೆ ಆಚೆ, ನಾನು ಈಚೆ. ಎಂಟು ತಿಂಗಳು. ಕೊಳ್ಳ ಬಳಸಿ ಬರಬೇಕೆಂದರೆ ಮೂರು ದಿನದ ದಾರಿ. ಶಾಲೆಗೆ ಒಮ್ಮೆಗೆ ನಾಲ್ಕು ದಿನಕ್ಕಿಂತ ಹೆಚ್ಚು ರಜೆಯಿಲ್ಲ. ಹೋಗಿಬರಲು ಆರು ದಿನ ಬೇಕು. ಆಚೆಗಿನ ಹನ್ನೆರಡು ಮನೆಯ ಮಕ್ಕಳನ್ನು ಬಿಟ್ಟು ಬರುವವರ ಪೈಕಿ ಆಕೆಯಲ್ಲ. ನಾನಂತೂ ಅಲ್ಲಾಡುವಂತಿಲ್ಲ. ಉರಿಯುವ ದೀಪವನ್ನು ಅದರ ಕಾವಲುಗಾರ ಒಂದು ರಾತ್ರಿಯೂ ಬಿಟ್ಟಿರಬಾರದು ಎಂಬುದು ಕಟ್ಟಳೆ.

ಹಾಗಾಗಿ ನಮ್ಮ ಸಂಸಾರ ಕೂಗಿನ ಮೇಲೆ ನಡೆಯಿತು. ಕೊಳ್ಳದ ಅಂಚಿನಲ್ಲಿ ಶಿವಪುತ್ರನ ಚಹಾದಂಗಡಿ. ದಿನಾ ಸಂಜೆ ನಾನು ಅಲ್ಲಿ ನಿಲ್ಲುತ್ತಿದ್ದೆ, ಆಕೆ ಆಚೆ ಬಂಡೆಯ ಮೇಲೆ.

"ಏನ್ರೀ, ಉಂಡ್ರಾ?"

"ಉಂಡೆ! ಹದಿನೆಂಟು ರೊಟ್ಟಿ!"

"ಸುಳ್ಳ! ಶಿವಪುತ್ರಾ, ಎಷ್ಟ ತಿಂದ್ರೋ ಇವ್ರು?"

"ಒಂದೂವರಿ ರೀ ಅಕ್ಕಾರ! ಉಳಿದರ್ಧ ನಾಯಿಗೆ ಹಾಕ್ಯಾರ!"

"ಆ ನೀಲಿ ಅಂಗಿ ಒಗದ್ರಾ?"

"ಒಗದು, ಇಸ್ತ್ರಿ ಮಾಡಿ, ಅತ್ತರ ಹಚ್ಚೇನಿ!"

"ಇಲ್ರೀ ಅಕ್ಕಾರ, ಮೂರು ದಿನದಿಂದ ಅದನ್ನ ಹಾಕ್ಕೊಂಡಾರ! ಗಾಳಿ ನಿಮ್ಮ ಕಡೆ ಬೀಸಿದ್ರ ನಿಮಗ ಗೊತ್ತಾಗತೈತಿ!"

ನಮ್ಮ ಜಗಳ, ನಮ್ಮ ರಾಜಿ, ನನ್ನ ಮೂಲವ್ಯಾಧಿ, ಆಕೆಯ ತಂಗಿಯ ಗಂಡನ ಗುಣ, ಎಲ್ಲ ಊರಿಗೇ ಬಾಯಿಪಾಠವಾಯಿತು. ಪಾಠವೂ ಹಾಗೆಯೇ. ನಮ್ಮ ಕಡೆಯ ನಲವತ್ತು ಮಕ್ಕಳು ಮುಂಜಾನೆ ಈ ಅಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು, ಆಕೆ ಆಚೆಯಿಂದ ಮಗ್ಗಿ ಕೂಗುತ್ತಿದ್ದಳು. ಕೊಳ್ಳ ಪ್ರತಿಯೊಂದನ್ನೂ ಎರಡು ಸಲ ಹೇಳುತ್ತಿದ್ದರಿಂದ ನಮ್ಮ ಮಕ್ಕಳಷ್ಟು ಗಟ್ಟಿಯಾಗಿ ಮಗ್ಗಿ ಕಲಿತ ಮಕ್ಕಳು ಏಳು ಲೋಕದಲ್ಲಿಲ್ಲ. ಆದರೆ ಆರನೆಯ ತಿಂಗಳಿಗೆ ಆಕೆಯ ಗಂಟಲು ಒಡೆಯಿತು. ಏಳನೆಯದಕ್ಕೆ ಹತ್ತು ಕೂಗಿನಲ್ಲಿ ನಾಲ್ಕು ಮಾತ್ರ ಈಚೆಗೆ ಮುಟ್ಟುತ್ತಿದ್ದವು. ಒಂದು ಸಂಜೆ ಆಕೆ ಬಾಯಿ ತೆರೆದದ್ದು ಕಂಡಿತು, ಏನೂ ಕೇಳಲಿಲ್ಲ. ನಾನು ಊಹಿಸಿ ಉತ್ತರ ಕೊಟ್ಟೆ. ಆಕೆ ತಲೆಯಾಡಿಸಿ, ಅದಲ್ಲ ಎಂದು ಕೈಮಾಡಿ, ಒಳಗೆ ಹೋದಳು. ಆಕೆ ಕೇಳಿದ್ದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ದೀಪ ಹಚ್ಚಿ ಕೂತವನಿಗೆ ಒಂದೇ ಯೋಚನೆ: ಇನ್ನೊಂದು ತಿಂಗಳು ಹೀಗೇ ನಡೆದರೆ ಆಕೆ ನನಗೆ ದೂರದಲ್ಲಿ ಕಾಣುವ ಒಂದು ಸೀರೆಯ ಬಣ್ಣ ಮಾತ್ರ.

ಶಿವಪುತ್ರ ಸುಮ್ಮನೆ ಕೂತಿರಲಿಲ್ಲ. ತನ್ನ ಚಕ್ಕಡಿಯ ಗಾಲಿ ಬಿಚ್ಚಿ ರಾಟೆಯ ಜಾಗಕ್ಕೆ ಕೂರಿಸಿದ್ದ. ತೊಟ್ಟಿಲು ಒಂದು ಮಾರು ಸರಿದೂ ಇತ್ತು. ಅಷ್ಟರಲ್ಲಿ ಸಮಪಾಲಿನ ಕಚೇರಿಯವರು ಬಂದು ಬಿಚ್ಚಿಸಿದರು. ಕಡಲನಾಡಿನ ತೊಟ್ಟಿಲಿಗೆ ಚಕ್ಕಡಿಯ ಗಾಲಿ ಸಿಕ್ಕಿಲ್ಲವಲ್ಲ, ಅದಕ್ಕೆ.

ನನ್ನ ಹದಿನೇಳನೆಯ ಅರ್ಜಿಗೆ ಸಮಪಾಲಿನ ಸಾಹೇಬರು ತಾವೇ ಬಂದರು. ಹೆಸರು ಫಣಿರಾಯರು. ಎರಡೂ ದೇಶಕ್ಕೆ ಸೇರಿ ಒಬ್ಬರೇ ಸಾಹೇಬರು ಅವರು. ಯಾವ ದೇಶಕ್ಕೂ ಬೇಜಾರಾಗಬಾರದು ಎಂದು ಒಂದು ಕಾಲಿಗೆ ನಮ್ಮ ದೇಶದ ದಪ್ಪ ಚರ್ಮದ ಚಪ್ಪಲಿ, ಇನ್ನೊಂದಕ್ಕೆ ಕಡಲನಾಡಿನ ತೆಳು ಚಪ್ಪಲಿ ಹಾಕಿಕೊಂಡು, ಕುಂಟುತ್ತ ಓಡಾಡುತ್ತಿದ್ದರು. ಇಲ್ಲಿ ಉಪ್ಪಿಟ್ಟು ತಿಂದರೆ ಅಲ್ಲೂ ಉಪ್ಪಿಟ್ಟೇ ತಿನ್ನಬೇಕು. ಅಲ್ಲಿ ಅದನ್ನು ಮೀನೆಣ್ಣೆಯಲ್ಲಿ ಮಾಡುತ್ತಾರಂತೆ. ಅದಕ್ಕೇ ಎರಡೂ ಕಡೆ ಬರೀ ಚಹಾ ಕುಡಿದು ಒಣಗಿಹೋಗಿದ್ದರು.

"ನಿಮ್ಮ ರಾಟೆ ಒಡೆದಿದೆ, ಒಪ್ಪಿದೆ," ಎಂದರು. "ಅವರದು ಒಡೆದಿಲ್ಲ. ನಿಮ್ಮದನ್ನು ಮಾತ್ರ ರಿಪೇರಿ ಮಾಡಿಸಿದರೆ ಅವರ ದೇಶ ಸುಮ್ಮನಿರುತ್ತದೆಯೇ?"

"ಅವ್ರದು ಯಾಕ ಒಡೀತೈತ್ರೀ ಸಾಹೇಬ್ರ? ಅದರಾಗ ಹುಡುಗ್ರು ಆಟ ಆಡ್ತಾವ. ನಮ್ಮದು ದಿನಕ್ಕ ಹತ್ತು ಸಾವಿರ ಮಂದೀನ ಹೊತ್ತೈತಿ."

"ನಿಮ್ಮೂರಿನಲ್ಲಿರುವುದೇ ಆರುನೂರು ಜನ."

"ಹೋಗಿ ಬಂದು ಲೆಕ್ಕ ರೀ. ಸಮ ಅಂದ್ರ ನ್ಯಾಯ ಅಂತೀರೇನು ನೀವು?"

ಫಣಿರಾಯರು ಬೆಂಚಿನ ಮೇಲೆ ಕೂತು ಎರಡೂ ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಂಡರು. "ಇಪ್ಪತ್ತಾರು ವರ್ಷದಿಂದ ಇವನ್ನು ಹಾಕಿಕೊಂಡು ನಡೆದಿದ್ದೇನೆ ಅಡಿವೆಪ್ಪನವರೇ. ಒಂದು ಎತ್ತರ, ಒಂದು ತಗ್ಗು. ಎರಡೂ ಕಾಲು ಸಮವಾಗಿ ನೋಯುತ್ತವೆ. ನನಗೆ ಗೊತ್ತಿರುವ ನ್ಯಾಯ ಇಷ್ಟೇ." ಎದ್ದು ಹೊರಟವರು ತಿರುಗಿ ನಿಂತರು. "ಅವರದೂ ತಾನಾಗಿ ಒಡೆದರೆ ತಿಳಿಸಿ. ತಾನಾಗಿ." ಎರಡನೆಯ ಸಲ ಅದನ್ನು ಹೇಳುವಾಗ ಅವರು ನನ್ನ ಮುಖ ಬಿಟ್ಟು ಆಕಾಶ ನೋಡುತ್ತಿದ್ದರು.

ಅವರು ಹೇಳಿದ್ದು ಏನೆಂದು ಎರಡೂ ದೇಶದ ಕೂಸುಗಳಿಗೂ ಗೊತ್ತು. ಒಬ್ಬರ ಮದುವೆಗೆ ಮಾಡಿದ ಮುಯ್ಯಿಯನ್ನು ಇನ್ನೊಬ್ಬರ ಮದುವೆಯಲ್ಲಿ ತೀರಿಸುವುದಿಲ್ಲವೇ, ಹಾಗೆ ನಮ್ಮಲ್ಲಿ ಒಡೆಯುವ ಮುಯ್ಯಿ ಉಂಟು. ನಮ್ಮ ಉಣ್ಣೆ ಕತ್ತರಿಗಳು ಮೊಂಡಾದಾಗ ಕಡಲನಾಡಿನವರು ತಮ್ಮ ಹೊಸ ಕತ್ತರಿಗಳನ್ನು ಬಂಡೆಗೆ ಬಡಿದು ಬಡಿದು ಹಾಳುಮಾಡಿಕೊಟ್ಟರು. ಎರಡೂ ಕಡೆಗೆ ಹೊಸವು ಬಂದವು. ಅವರ ಹರಾಜು ಕಟ್ಟೆಯ ಚಾವಣಿ ಬಿರುಗಾಳಿಗೆ ಹಾರಿದಾಗ ನಾವು ನಮ್ಮ ಚಾವಣಿಯನ್ನು ನಾವೇ ಕಿತ್ತು, ಆ ವಾರದ ಮದುವೆಯನ್ನು ಸುರಿವ ಮಳೆಯಲ್ಲಿ ಮಾಡಿದೆವು. ಗಂಡಿನ ಬಾಸಿಂಗ ಕರಗಿ ಗಡ್ಡಕ್ಕೆ ಇಳಿದಿತ್ತು. ಯಾರೂ ಬೇಸರಿಸಲಿಲ್ಲ. ಮುಯ್ಯಿ ಎಂದರೆ ಮುಯ್ಯಿ.

ಅದನ್ನು ತಪ್ಪಿಸಿದವನು ಒಬ್ಬನೇ. ನಾನು.

ನಾಲ್ಕು ವರ್ಷದ ಹಿಂದಿನ ಮಾತು. ಎರಡು ದೀಪಸ್ತಂಭಗಳ ನಡುವೆ ಒಂದು ಫೋನು ಉಂಟು. ಅದರಲ್ಲಿ ಅತ್ತ ಕಡೆಯ ದೀಪ ಕಾಯುವ ದುಗ್ಗಮ್ಮ ಮಾತಾಡಿದ್ದಳು. ಸಿಡಿಲು ಬಡಿದು ತಮ್ಮ ದೀಪದ ದೊಡ್ಡ ಗಾಜು ಒಡೆದಿದೆ, ನಿಮ್ಮದನ್ನೂ ಒಡೆದುಕೊಡಿ ಎಂದು ಕೇಳಿದ್ದಳು. ಗಾಜೆಂದರೆ ಎಂಥ ಗಾಜು! ಏಳು ಆನೆಯ ತೂಕ. ಅದರ ಮುಂದೆ ಹಣತೆ ಇಟ್ಟರೆ ಸಾಕು, ಬೆಳಕು ಮೂರು ಗುಡ್ಡ ದಾಟಿ ಮಲಗಿದ ಕೋಳಿಗಳನ್ನು ಎಬ್ಬಿಸುತ್ತದೆ. ದಿನಾ ಮಧ್ಯಾಹ್ನ ಅದನ್ನು ಹಳೆಯ ಪಂಚೆಯ ತುಂಡಿನಿಂದ ನಾನೇ ಒರೆಸಬೇಕು. ಬೇರೆ ಯಾರ ಕೈ ತಾಗಲೂ ಬಿಟ್ಟವನಲ್ಲ. ಅದನ್ನು ಒಡೆಯುವುದೇ? "ತಾಯಿ," ಎಂದಿದ್ದೆ, "ನಿಮ್ಮದು ದೀಪ, ನಂದು ಸೂರ್ಯ. ಸೂರ್ಯನ್ನ ಒಡೀರಿ ಅಂತ ಯಾರರೆ ಕೇಳ್ತಾರೇನು?" ಆಕೆ ಫೋನು ಇಟ್ಟಿದ್ದಳು. ಆ ಮಾತನ್ನು ನಾನು ಚಹಾದಂಗಡಿಯಲ್ಲಿ ಹತ್ತು ಸಲ ಹೇಳಿ ನಗಿಸಿದ್ದೆ.

ಈಗ ಅದೇ ಫೋನನ್ನು ಎತ್ತಿದೆ.

"ಯಾರು?"

"ನಾನ್ರೀ, ಅಡಿವೆಪ್ಪ. ಮೇಲ್ನಾಡಿನ ದೀಪದಾವ."

"ಓ, ಸೂರ್ಯನವರಾ! ಎಂಥ ಮಾರಾಯ್ರೆ, ಇನ್ನೂ ಮುಳುಗಿಲ್ವಾ ನೀವು?"

ನಾನು ಹಲ್ಲು ಕಿರಿದೆ. ಫೋನಿನಲ್ಲಿ ಅದು ಕಾಣುವುದಿಲ್ಲ. "ನಮ್ಮ ತೊಟ್ಟಿಲಾ ಕೆಟ್ಟೈತ್ರೀ," ಎಂದೆ.

"ಗೊತ್ತುಂಟು. ನಿಮ್ಮ ಹೆಂಡತಿ ಆಚೆ ಬಾಕಿ ಅಂತ ಫಣಿರಾಯರು ಹೇಳಿದ್ರು. ನಮ್ಮ ತೊಟ್ಟಿಲನ್ನು ಒಡೀರಿ ಅಂತ ಕೇಳ್ಲಿಕ್ಕೆ ಮಾಡಿದ್ದಲ್ವಾ ಫೋನು?"

"ಹೌದ್ರೀ," ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಇದನ್ನು ನಮ್ಮೂರಿನಲ್ಲಿ ಹೇಳಿದರೆ ನಂಬುವವರಿಲ್ಲ.

"ಒಡೀತೇವೆ ಮಾರಾಯ್ರೆ. ಮಕ್ಕಳು ಅಳ್ತಾವೆ, ಅಳ್ಲಿ. ಆದ್ರೆ ಮೊದ್ಲು ನಿಮ್ಮ ಗಾಜು. ಹಳೇ ಮುಯ್ಯಿ ಮೊದ್ಲು."

"ನಾಕು ವರ್ಷದಿಂದ ನೀವು ದೀಪಾ ಹೆಂಗ ಹಚ್ಚತೀರಿ?"

"ಕೆಟ್ಟ ದೀಪಕ್ಕೆ ಕಾವಲು ಬೇಡ ಅಂತ ಕಟ್ಟಳೆ ಉಂಟಲ್ವಾ? ಲೆಕ್ಕಕ್ಕೆ ನನಗೆ ರಜೆ. ಆದ್ರೆ ದೋಣಿಗಳಿಗೆ ರಜೆ ಇಲ್ಲ. ಬಾಣಲೆಯಲ್ಲಿ ಎಣ್ಣೆ ಸುಟ್ಟು ದಿನಾ ಮೇಲೆ ಕೂತ್ಕೊಳ್ತೇನೆ. ಎಷ್ಟು ದೂರ ಕಾಣ್ತದೆ ಅದು? ಹೋದ ಮಳೆಗಾಲ ಎರಡು ದೋಣಿ ಬಂಡೆಗೆ ಬಡೀತು. ಒಂದರಲ್ಲಿ ನನ್ನ ಮೈದುನ ಇದ್ದ."

"ಸಿಕ್ಕರೇನ್ರೀ?"

"ದೋಣಿ ಸಿಕ್ಕಿತು," ಎಂದಳು ದುಗ್ಗಮ್ಮ.

ಮರುದಿನ ಮಧ್ಯಾಹ್ನ ಸುತ್ತಿಗೆ ಹಿಡಿದು ಮೇಲೆ ಹತ್ತಿದೆ. ಸಾವಿರದೊಂದು ಮೆಟ್ಟಿಲು. ನೂರಾ ಹದಿನಾಲ್ಕು ಎಂದು ನೀಲಗಂಗಾ ಹಿಂದೊಮ್ಮೆ ಎಣಿಸಿದ್ದಳು. ಆ ದಿನ ಮಾತ್ರ ಸಾವಿರದೊಂದೇ ಇದ್ದವು, ಆಣೆ ಮಾಡಿ ಹೇಳುತ್ತೇನೆ. ಊರು ಕೆಳಗೆ ನಿಂತು ಮೇಲೆ ನೋಡುತ್ತಿತ್ತು. ಬಿಸಿಲು ಗಾಜಿನೊಳಗೆ ಹೊಕ್ಕು ಏಳು ಬಣ್ಣವಾಗಿ ನನ್ನ ಅಂಗಿಯ ಮೇಲೆ ಬಿದ್ದಿತ್ತು. ಅಭ್ಯಾಸದಿಂದ ಮೊದಲು ಅದನ್ನು ಒರೆಸಿದೆ. ಆಮೇಲೆ ಹೊಡೆದೆ. ಆಕಾಶ ಸೀಳಿದಂತೆ ಸದ್ದಾಗುತ್ತದೆ, ಗುಡ್ಡ ನಡುಗುತ್ತದೆ, ಹಕ್ಕಿಗಳು ಊರು ಬಿಟ್ಟು ಹೋಗುತ್ತವೆ ಎಂದುಕೊಂಡಿದ್ದೆ. ಯಾರದೋ ಕೈಯಿಂದ ಒಂದು ಚಹಾದ ಬಸಿ ಜಾರಿ ಬಿದ್ದಷ್ಟು ಸದ್ದಾಯಿತು. ಅಷ್ಟೇ.

"ಮಾವಾ, ಆತೇನು?" ಎಂದು ಕೆಳಗಿನಿಂದ ಶಿವಪುತ್ರ ಕೇಳಿದ. ಸಂಬಂಧವೇನೂ ಇಲ್ಲ, ನನ್ನನ್ನು ಅವನು ಕರೆಯುವುದೇ ಹಾಗೆ.

"ಆತು."

"ಸಪ್ಪಳನ ಕೇಳಲಿಲ್ಲಲ್ಲ?"

"ಭಾಳ ದೊಡ್ಡ ಸಪ್ಪಳ ಇತ್ತೋ! ನಿಮ್ಮ ಕಿವಿಗೆ ಹಿಡಸಲಿಲ್ಲ," ಎಂದೆ. ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಎರಡು ದಿನ ಬಿಟ್ಟು ಕಡಲನಾಡಿನವರು ತಮ್ಮ ರಾಟೆ ಒಡೆದರು. ಮಕ್ಕಳು ಮರಳ ಮೇಲೆ ಹೊರಳಾಡಿ ಅತ್ತರಂತೆ. ಸುದ್ದಿ ಹೋಗಿ, ಒಂದು ತಿಂಗಳ ಮೇಲೆ ಫಣಿರಾಯರು ಅಲ್ಲಿಯ ಪರೀಕ್ಷೆ ಮುಗಿಸಿಕೊಂಡು ಕುಂಟುತ್ತ ಇಲ್ಲಿಗೆ ಬಂದರು. ಗಾಜಿನ ಚೂರುಗಳ ಮುಂದೆ ನಿಂತು, ಪಕ್ಕದಲ್ಲೇ ಬಿದ್ದಿದ್ದ ಸುತ್ತಿಗೆಯನ್ನು ನೋಡಿಯೂ ನೋಡದವರಂತೆ ಕೇಳಿದರು: "ತಾನಾಗಿ ಒಡೆಯಿತೇ?"

"ತಾನಾಗೇ ರೀ. ಸುತ್ತಿಗಿ ನೋಡಿ ಅಂಜಿ ಒಡೀತು."

ಅವರು ನಗಲಿಲ್ಲ. ಬರೆದುಕೊಂಡರು. ಆಮೇಲೆ ಚಹಾದಂಗಡಿಗೆ ಇಳಿದು ಬಂದು, ಎರಡು ಹಾಳೆ ತೆಗೆದು ಬೆಂಚಿನ ಮೇಲಿಟ್ಟರು. "ಈ ವರ್ಷ ಒಂದೇ ಜೋಡಿ ರಿಪೇರಿಗೆ ಆಗುತ್ತದೆ," ಎಂದರು. "ದೀಪದ ಜೋಡಿಯೋ, ತೊಟ್ಟಿಲ ಜೋಡಿಯೋ. ಎರಡೂ ಊರು ಒಂದೇ ಮಾತು ಬರೆದುಕೊಡಬೇಕು. ನೀವೊಂದು ಅವರೊಂದು ಬರೆದರೆ ಎರಡೂ ಇಲ್ಲ."

ಅಂಗಡಿಯಲ್ಲಿ ಕೂತವರು ಹಾಳೆಗಳನ್ನೇ ನೋಡಿದರು. ಒಬ್ಬರೂ ಸರಕಾರಕ್ಕೆ ಬೈಯಲಿಲ್ಲ. ಬೈಯಲೂ ತ್ರಾಣ ಬೇಕು. ಕೊನೆಗೆ ಹಿರಿಯರೊಬ್ಬರು ಕೆಮ್ಮಿ, "ಅಡಿವೆಪ್ಪಾ, ಹೆಂಡ್ತಿ ನಿಂದು, ದೀಪಾನೂ ನಿಂದು. ನೀನ ಬರದುಬಿಡಪಾ," ಎಂದರು. ನಾನು ನೇರ ಹೋಗಿ ಫೋನು ಎತ್ತಿದೆ.

"ನೀವು ಬರೆದದ್ದನ್ನೇ ನಾವೂ ಬರೀತೇವೆ," ಎಂದಳು ದುಗ್ಗಮ್ಮ.

"ಯಾಕ್ರೀ?"

"ಯಾಕೆಂದ್ರೆ ಒಡೆದ್ರಲ್ಲ ನೀವು. ನೀವು ಒಡೀಲಿಕ್ಕಿಲ್ಲ ಅಂತ ಇಲ್ಲಿ ಪಂಥ ಕಟ್ಟಿದ್ದೆ. ಒಂದು ಬುಟ್ಟಿ ಬಂಗುಡೆ ಮೀನು ಸೋತೆ ನಿಮ್ಮಿಂದ."

"ಅಲ್ಲಿ ಮಳಿಗಾಲಕ್ಕ ಇನ್ನ ಎಷ್ಟ ದಿನ ಐತ್ರೀ?"

"ನಲವತ್ತು," ಎಂದಳು. ಬೇಡಬಹುದಿತ್ತು, ಬೈಯಬಹುದಿತ್ತು. ಅದರಲ್ಲಿ ಯಾವುದನ್ನು ಮಾಡಿದ್ದರೂ ನಾನು ತೊಟ್ಟಿಲು ಎಂದು ಬರೆಯುತ್ತಿದ್ದೆನೇನೋ.

ಸಂಜೆ ಕೊಳ್ಳದ ಅಂಚಿಗೆ ನಿಂತು ಎಲ್ಲವನ್ನೂ ಕೂಗಿ ಹೇಳಿದೆ. ನೀಲಗಂಗಾಳ ಗಂಟಲು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಆಕೆ ಶಾಲೆಯ ಕಪ್ಪು ಹಲಗೆಯನ್ನು ಬಂಡೆಯ ಮೇಲೆ ತರಿಸಿ ಇಟ್ಟಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ತಿರುಗಿ ಒಂದು ಪದ ಬರೆದಳು. ನನ್ನ ಕಣ್ಣು ಹದ್ದಿನ ಕಣ್ಣಾದರೂ ಆ ಹೊತ್ತಿನಲ್ಲಿ ಮಂಜಾಗಿತ್ತು. ಶಿವಪುತ್ರ ಓದಿದ: "ದೀಪ ಅಂತ ಬರದಾರ್ರೀ ಮಾವಾ."

"ದೀಪ ಅಂದ್ರ ನೀ ಹೆಂಗ ಬರ್ತಿ?" ಎಂದು ಚೀರಿದೆ. "ಇಲ್ಲಿ ಯಾವ ಹಡಗು ಮುಳುಗತೈತಿ? ನನ್ನ ದೀಪಾ ಇದ್ದರೇನು, ಹೋದರೇನು!" ಇಡೀ ಊರಿನ ಎದುರು, ನನ್ನ ಬಾಯಿಂದಲೇ ಆ ಮಾತು ಬಂತು. ಯಾರೂ ನನ್ನ ಕಡೆ ನೋಡಲಿಲ್ಲ. ಮರ್ಯಾದೆಗೆ.

ಆಕೆ ಹಲಗೆ ಒರೆಸಿ ಮತ್ತೆ ಬರೆದಳು. "ಅವರಿಗೆ ಮಳೆಗಾಲ," ಎಂದು ಓದಿದ ಶಿವಪುತ್ರ. ಅದನ್ನೂ ಒರೆಸಿ, ಸುಣ್ಣದ ಕಡ್ಡಿಯಿಂದ ಇನ್ನೊಂದು ಬರೆದಳು. ಅದನ್ನು ಓದಲು ಶಿವಪುತ್ರನಿಗೆ ತಡವಾಯಿತು. "ಉಂಡ್ರಾ, ಅಂತ ಕೇಳ್ಯಾರ್ರೀ."

ನಾನು ದೀಪ ಎಂದು ಬರೆದುಕೊಟ್ಟೆ. ಫಣಿರಾಯರು ಹಾಳೆ ಮಡಚಿ ಒಳಜೇಬಿಗಿಟ್ಟುಕೊಂಡು, ಯಾವ ದೇಶದ ಪರವಾಗಿಯೂ ಅಲ್ಲದ ಹಾಗೆ ನನ್ನ ಭುಜ ಮುಟ್ಟಿ, ಹೊರಟುಹೋದರು.

ಮರುದಿನ ಮುಸ್ಸಂಜೆ ಕಾಲು ತಾವಾಗಿಯೇ ಸ್ತಂಭ ಹತ್ತಿದವು. ಗಾಜು ಒಡೆದ ದಿನದಿಂದಲೂ ದಿನಾ ಹೀಗೇ ಹತ್ತಿ ಕೂರುತ್ತಿದ್ದೆ. ಹಚ್ಚಲು ಏನಿಲ್ಲ, ಒರೆಸಲು ಏನಿಲ್ಲ. ಸ್ತಂಭ ಕೊಳ್ಳದ ಅಂಚಿಗೇ ಇರುವುದರಿಂದ ಆಚೆಯ ಬಂಡೆ, ಬಂಡೆಯ ಮೇಲಿನ ನೀಲಗಂಗಾ, ಎಲ್ಲ ಕಾಣುತ್ತಿತ್ತು. ಆಕೆ ಹಲಗೆ ಎತ್ತಿ ನಿಲ್ಲಿಸಿದಳು. ಈ ಸಲ ಅಕ್ಷರ ಎಷ್ಟು ದೊಡ್ಡದಾಗಿತ್ತೆಂದರೆ ನಾನೇ ಓದಿದೆ: ಅಲ್ಲಿ ಕೂತು ಏನ ಮಾಡ್ತೀರಿ?

"ಏನೂ ಇಲ್ಲ!" ಎಂದು ಕೂಗಿದೆ.

ಒರೆಸಿದಳು, ಬರೆದಳು: ಹಂಗಾರ ನಡಕೋತ ಬರ್ರಿ.

ಕೆಳಗೆ ಚಹಾದಂಗಡಿಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿದರು. ಆರುನೂರು ಜನಕ್ಕೂ ಅದು ಹೊಳೆದಿರಲಿಲ್ಲ. ಸರಕಾರ ತೊಟ್ಟಿಲು ಸರಿಮಾಡಲಿ, ಆಮೇಲೆ ನೋಡೋಣ ಎಂದು ನಾವೆಲ್ಲ ರಸ್ತೆಯ ಕಡೆ ಕತ್ತು ಚಾಚಿ ಚಾಚಿ ಕೊಕ್ಕರೆಗಳಾಗಿದ್ದೆವು. ಕೆಟ್ಟ ದೀಪಕ್ಕೆ ಕಾವಲು ಬೇಡ. ಸುತ್ತಿಗೆ ಬಿದ್ದ ಗಳಿಗೆಯಿಂದ ನಾನು ಬಿಡುವಾಗಿದ್ದೆ. ಒಂದು ತಿಂಗಳು ಆ ಬಿಡುವಿನ ಮೇಲೇ ಕೂತು, ಆಕೆಯನ್ನು ಕರೆತರುವುದು ಹೇಗೆಂದು ಕೊರಗಿದ್ದೆ. ನಾನೇ ಹೋಗಬಹುದು ಎಂದು ತೋರಲೇ ಇಲ್ಲ.

ಮೂರು ದಿನದ ದಾರಿಯನ್ನು ನಾನು ಒಂದೂವರೆ ದಿನದಲ್ಲಿ ಮುಗಿಸಿದೆ ಎಂದು ಊರಲ್ಲಿ ಹೇಳಿದ್ದೇನೆ. ನಾಲ್ಕು ದಿನ ಹಿಡಿಯಿತು. ಮೊಣಕಾಲು. ಕೊಳ್ಳದ ಬಾಯಿಯ ಮುಳ್ಳುಹಾದಿಯಲ್ಲಿ ಹೆಜ್ಜೆ ಹೆಜ್ಜೆಗೆ ಕೂತು, ರೊಟ್ಟಿ ಮುರಿದು, ಎದ್ದು ನಡೆದೆ. ದುಗ್ಗಮ್ಮನಿಗೂ ನನ್ನ ಹಾಗೆಯೇ ರಜೆ, ನಾಲ್ಕು ವರ್ಷದ ರಜೆ. ಅವಳು ಬಾಣಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಳೆ. ಎಷ್ಟು ಬೇಡವೆಂದರೂ ದಾರಿಯುದ್ದಕ್ಕೂ ಅದೇ ನೆನಪಾಗುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಶಾಲೆಯ ಅಂಗಳ ತಲುಪಿದೆ. ನೀಲಗಂಗಾ ಬಾಗಿಲಲ್ಲಿ ನಿಂತಿದ್ದಳು. ಎರಡು ಮೊಳ ದೂರ. "ಹೆಂಗದೀ!" ಎಂದೆ. ಎಂಟೊಂಬತ್ತು ತಿಂಗಳ ಚಾಳಿ, ಕೊಳ್ಳ ದಾಟುವಷ್ಟು ಜೋರಾಗಿಯೇ ಬಂತು. ಜಂತಿಯ ಮೇಲಿನ ಪಾರಿವಾಳ ಹಾರಿಹೋಯಿತು, ಒಳಗೆ ಕೂತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ಆಕೆ ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಅಂಗೈಗೆ ಸುಣ್ಣದ ಕಡ್ಡಿಯ ವಾಸನೆ. "ಇಲ್ಲೇ ಅದೀನ್ರೀ," ಎಂದಳು, ಎಲೆ ಅಲುಗಿದಷ್ಟು ಸಣ್ಣ ದನಿಯಲ್ಲಿ.

ಆ ದನಿ ಅದಕ್ಕಿಂತ ಮೇಲೆ ಏಳಲಿಲ್ಲ. ಆಕೆಗೆ ಮಾತಾಡಲು ನಾನು ಬೇಕಾಯಿತು. ಮರುದಿನದಿಂದ ನಾವಿಬ್ಬರೂ ಬಂಡೆಯ ಮೇಲೆ ಕೂರುತ್ತಿದ್ದೆವು. ಆಕೆ ನನ್ನ ಕಿವಿಯಲ್ಲಿ ಪಾಠ ಹೇಳುವುದು, ನಾನು ಅದನ್ನು ಈಚೆಯ ಮಕ್ಕಳಿಗೆ ಕೂಗುವುದು. ಈಚೆ ಎಂದೆ ನೋಡಿ. ಈಗ ಅದು ಆಚೆ. ಮೊದಲ ದಿನವೇ ಆಕೆ ತಾಕೀತು ಮಾಡಿದ್ದಳು: "ನಾ ಹೇಳಿದಷ್ಟ ಕೂಗ್ರಿ. ಏಳೆಂಟ್ಲಿ ಐವತ್ತಾರು ಅಂದ್ರ ಐವತ್ತಾರು. ಐನೂರ ಅನಬ್ಯಾಡ್ರಿ." ನಾನು ಐವತ್ತಾರೇ ಅಂದೆ. ಕಷ್ಟವಾಯಿತು, ಆದರೂ ಅಂದೆ.

ಮಳೆಗಾಲಕ್ಕೆ ಆರು ದಿನ ಇರುವಾಗ ಹೊಸ ಗಾಜುಗಳು ಬಂದವು. ಒಂದು ಅಲ್ಲಿಗೆ, ಒಂದು ನಮ್ಮೂರಿಗೆ. ಹನ್ನೆರಡು ಜನ ಅದನ್ನು ಹೊತ್ತು ಸ್ತಂಭ ಹತ್ತಿಸುವುದನ್ನು ನಾನು ಬಂಡೆಯ ಮೇಲಿಂದ ನೋಡಿದೆ. ತೊಟ್ಟಿಲಿನ ಹಗ್ಗ ಮಾತ್ರ ಹಾಗೆಯೇ ಖಾಲಿ ತೂಗುತ್ತಿತ್ತು. ಅದು ಬರುವ ವರ್ಷವಂತೆ.

"ಮಾವಾ!" ಎಂದು ಶಿವಪುತ್ರನ ಕೂಗು ಬಂತು. "ಗಾಜು ಕೂಡಿಸೇವಿ! ಬರ್ರಿ, ನೀವಿಲ್ಲದ ಹಚ್ಚಾಂಗಿಲ್ಲ! ದೀಪಕ್ಕ ಒಬ್ಬ ಕಾವಲಿನವ ಬೇಕಂತ!"

ನೀಲಗಂಗಾ ನನ್ನ ಕಡೆ ನೋಡಲಿಲ್ಲ. ಮಕ್ಕಳ ಪಾಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಹೋಗ್ರಿ. ಅದು ನಿಮ್ಮದು," ಎಂದಳು. ಆ ದನಿಯನ್ನು ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯಿತು. ಬಗ್ಗಿದವನು ಅಲ್ಲೇ ಕುಕ್ಕರಿಸಿದೆ.

"ಶಿವಪುತ್ರಾ!" ಎಂದು ಕೂಗಿದೆ. "ಕೀಲಿ ನಮ್ಮ ಮನಿ ಜಂತ್ಯಾಗ ಐತಿ! ತಗೊಂಡು ಹತ್ತು! ಹತ್ತೂದು ಸಾವಿರದೊಂದು... ನೂರಾ ಹದಿನಾಕು ಮೆಟ್ಲ ಐತಿ, ಅಂಜಬ್ಯಾಡ!"

"ನಾನಾ?"

"ನೀನ! ಇನ್ನಮ್ಯಾಲ ನೀನ!"

ಬತ್ತಿ ಎಷ್ಟು ಮೇಲಿರಬೇಕು, ಎಣ್ಣೆ ಎಲ್ಲಿಗೆ ನಿಲ್ಲಬೇಕು, ಗಾಜಿನ ಬೆನ್ನಿಗೆ ಕೈ ತಾಗಿಸದೆ ಹೇಗೆ ತಿರುಗಿಸಬೇಕು ಎಂದು ಮೂವತ್ತೊಂದು ವರ್ಷ ಯಾರಿಗೂ ಹೇಳಿಕೊಡದ್ದನ್ನು ಒಂದು ಗಂಟೆ ನಿಂತು ಕೂಗಿದೆ. ಹೊತ್ತು ಮುಳುಗಿತು. ಮೇಲೆ ಒಂದು ಕಡ್ಡಿ ಗೀರಿದ್ದು ಕಂಡಿತು. ಆಮೇಲೆ ದೀಪ ಹತ್ತಿತು.

ನಾನು ಇಷ್ಟು ವರ್ಷ ಅದರ ಬುಡದಲ್ಲೇ ಕೂತವನು. ದೂರ ನಿಂತು ಒಮ್ಮೆಯೂ ಅದನ್ನು ನೋಡಿದವನಲ್ಲ. ಬೆಳಕು ಒಂದು ಸುತ್ತು ಬಂದು, ಗುಡ್ಡದ ಹೆಗಲು ಸವರಿ, ನಮ್ಮ ಬಂಡೆಯ ಮೇಲೆ ಹಾದು, ಮುಂದೆ ಹೋಯಿತು. ಇಷ್ಟು ಹೊತ್ತಿಗೆ ಅಲ್ಲಿ ದುಗ್ಗಮ್ಮನೂ ಹಚ್ಚಿರುತ್ತಾಳೆ. ಆಚೆಯ ಅಂಚಿನಲ್ಲಿ ಊರೆಲ್ಲ ಸೇರಿತ್ತು. ಅಡಿವೆಪ್ಪ ಏನು ಹೇಳುತ್ತಾನೋ ಎಂದು ನಗಲು ಸಿದ್ಧವಾಗಿ, ಮಕ್ಕಳು ಮುಂದೆ, ದೊಡ್ಡವರು ಹಿಂದೆ ನಿಂತಿದ್ದರು.

"ಮಾವಾ!" ಮೇಲಿನಿಂದ ಶಿವಪುತ್ರನ ದನಿ ಬಂತು. "ಅಲ್ಲಿಂದ ಹೆಂಗ ಕಾಣ್ತೈತಿ?"

ನಾನು ಬಾಯಿ ತೆರೆದೆ. ಪಕ್ಕದಲ್ಲಿ ನೀಲಗಂಗಾ ನನ್ನ ತೋಳು ಹಿಡಿದು ಅದನ್ನೇ ನೋಡುತ್ತಿದ್ದಳು.

"ಸಣ್ಣದೈತಿ!" ಎಂದು ಕೂಗಿದೆ. "ಆದ್ರ ಕಾಣ್ತೈತಿ!"